ನೀಲಿ ಸಾಲಿನ ಪಾಲು

ಡಿಸೆಂಬರ್ ೧, ಸೋಮವಾರ

ದಿನಾ ಬೆಳಿಗ್ಗೆ ಕಂಪನಿಯ ಮೊಬೈಲಿನಲ್ಲಿ ಹೊಲದ ಸುದ್ದಿ ಕಳಿಸಬೇಕು: ಚಳಿ ಎಷ್ಟು, ಎಲೆ ಹೇಗಿದೆ, ಹೂವು ನಿಂತಿದೆಯೋ ಉದುರಿದೆಯೋ. ಅದರಲ್ಲಿ ನಗುವುದಕ್ಕೆ ಜಾಗವಿಲ್ಲ. ಹಾಗಾಗಿ ಇದು ಬೇರೆ. ಇದನ್ನು ಓದುವವನು ನಾನೊಬ್ಬನೇ, ಆದ್ದರಿಂದ ಒಳ್ಳೆಯ ವಿಮರ್ಶೆ ಖಾತ್ರಿ.

ಬಿ.ಎ. ಮುಗಿಸಿ ಬಂದೆ ಪುಣೆಗೆ,
ಬೆರಳೆರಡು ಕೊಟ್ಟೆ ಪ್ರೆಸ್ಸಿನ ಮಣೆಗೆ.

ಚಾಕಣದ ಕಾರ್ಖಾನೆಯವರು ಬಲಗೈಯ ಎರಡು ಬೆರಳು ತಮಗಿಟ್ಟುಕೊಂಡು ಉಳಿದ ನನ್ನನ್ನು ಮನೆಗೆ ಕಳಿಸಿದ ಮೇಲೆ ಬಹಳ ದಿನ ಯಾರೂ ಕೆಲಸ ಕೊಡಲಿಲ್ಲ. ಕೊಟ್ಟದ್ದು ಈ ಬೆಳೆ ಔಷಧದ ಕಂಪನಿ. ಚಾಕಣದಾಚೆ ನದಿಯ ತಗ್ಗಿನಲ್ಲಿ ಬಾಡಿಗೆಗೆ ಹಿಡಿದ ಟೊಮೆಟೊ ಹೊಲ, ಅದರ ಅಂಚಿಗೆ ಪತ್ರಾಸಿನ ಖೋಲಿಗಳು, ಅಂದರೆ ತಗಡಿನ ಕೋಣೆಗಳು. ಕಲಬುರ್ಗಿ ಕಡೆಯ ನಾಲ್ಕು ಮನೆಯವರು ಇಲ್ಲಿ ದುಡಿಯುತ್ತೇವೆ. ಓದು ಬರಹ ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ನಾನು ಮೇಲ್ವಿಚಾರಕ.

ಔಷಧ ಮಾಡಿದವರು ಶ್ರದ್ಧಾ ಮೇಡಂ. ಉಡುಪಿ ಕಡೆಯವರು, ಅಪ್ಪನದು ಪುಣೆಯ ವಾಕಡದಲ್ಲಿ ಹೋಟೆಲು. ಮಗಳು ಇಡ್ಲಿ ಪಾತ್ರೆ ಬಿಟ್ಟು ಗಿಡ ಹಿಡಿದರು. ಕಡಲ ಪಾಚಿಯ ರಸಕ್ಕೆ ಯಾವುದೋ ಮರದ ತೊಗಟೆಯ ಸಾರ ಬೆರೆಸಿದ್ದಾರೆ.

"ಇದು ಹೊದಿಕೆ ಅಲ್ಲ ಧರ್ಮರಾಜಣ್ಣ," ಎಂದರು ಇವತ್ತು. "ಚಳಿ ಬರ್ತದೆ ಅಂತ ಗಿಡಕ್ಕೆ ಮೊದಲೇ ಸುದ್ದಿ ಮುಟ್ಟಿಸೋದು. ಸುದ್ದಿ ಸಿಕ್ಕಿದ ಗಿಡ ತಾನೇ ತಯಾರಾಗ್ತದೆ. ಆದ್ರೆ ಪ್ರಮಾಣ ಹೆಚ್ಚಾಗ್ಬಾರ್ದು. ಸುದ್ದಿ ಜೋರಾದ್ರೆ ಗಿಡ ಗಾಬರಿಯಾಗಿ ಸುಟ್ಟುಕೊಳ್ತದೆ."

ನಮ್ಮ ಕಡೆ ಮದುವೆ ಮನೆಯಲ್ಲೂ ಹೀಗೇ ಆಗುತ್ತದೆ.

ಕಡಲಿನ ಪಾಚಿಗೆ ಕಾಡಿನ ತೊಗಟೆ ಗಂಡ,
ಮದುವೆಯ ಖರ್ಚು ಕಂಪನಿಗೆ ದಂಡ.

ಕೆಂಪು ಚಿಂದಿ ಕಟ್ಟಿದ ಸಾಲುಗಳಿಗೆ ಔಷಧ, ನೀಲಿ ಚಿಂದಿಯ ಸಾಲುಗಳಿಗೆ ಬರೀ ನೀರು. ಜನವರಿ ಕೊನೆಗೆ ಆಫೀಸಿನ ದೊಡ್ಡವರು ಬಂದು ನೋಡುತ್ತಾರೆ. ಚಳಿಗೆ ಕೆಂಪು ನಿಂತು ನೀಲಿ ಬಿದ್ದಿದ್ದರೆ ಔಷಧ ಗೆದ್ದಂತೆ, ನಮಗೆ ಮುಂದಿನ ವರ್ಷವೂ ಅನ್ನ. ಎರಡೂ ಒಂದೇ ಥರ ಇದ್ದರೆ ಹೊಲದ ಮಾಲೀಕ ಗೋಡೌನ್ ಕಟ್ಟುವವರಿಗೆ ಜಾಗ ಕೊಡುತ್ತಾನೆ, ನಾವು ಗಂಟು ಕಟ್ಟುತ್ತೇವೆ.

ನಮ್ಮ ಖೋಲಿಯಲ್ಲಿ ನಾನು, ಹೆಂಡತಿ ಶಿವಕಾಂತಾ, ಅವಳ ತಾಯಿ ತಿಪ್ಪವ್ವ. ಅಳಿಯನ ಮನೆಯಲ್ಲಿ ಪುಕ್ಕಟೆ ಉಣ್ಣಬಾರದೆಂದು ಅತ್ತೆಯ ಹಟ. ಹೊಲದ ಕೂಲಿಯಿಂದ ಹಿಟ್ಟು ಬೇಳೆ ತಂದು ಹಾಕಿದ ಮೇಲೆಯೇ ರೊಟ್ಟಿ ಮುರಿಯುತ್ತಾರೆ. ಈ ಕೂಲಿ ತಪ್ಪಿದರೆ ಅವರು ಆಳಂದಕ್ಕೆ, ತಮ್ಮನ ಮನೆಗೆ ಹೋಗಬೇಕು. ಅಲ್ಲಿ ತಮ್ಮನ ಹೆಂಡತಿ ರೊಟ್ಟಿಯ ಜೊತೆ ಮಾತನ್ನೂ ಬಡಿಸುತ್ತಾಳೆ.

ಡಿಸೆಂಬರ್ ೪, ಗುರುವಾರ

ಮೊದಲ ಸಲ ಹೊಡೆದೆವು. ಮೇಡಂ ಅಳೆದು ಕಟ್ಟಿಕೊಟ್ಟ ಬಾಟಲಿಯನ್ನು ಕೆಂಪು ಡ್ರಮ್ಮಿನ ನೀರಿಗೆ ಸುರಿಯುವುದು ಅತ್ತೆಯ ಕೆಲಸ, ಏಕೆಂದರೆ ನನ್ನ ಬಲಗೈಗೆ ಮುಚ್ಚಳ ತಿರುಗಿಸುವ ವಿದ್ಯೆ ಹೋಗಿದೆ. ನೀಲಿ ಡ್ರಮ್ಮಿಗೆ ಏನೂ ಇಲ್ಲ. ಗಂಡಾಳುಗಳು ಪಂಪು ತುಂಬಿಕೊಂಡು ಆಯಾ ಸಾಲಿಗೆ ಹೊಡೆಯುತ್ತಾರೆ.

ಅತ್ತೆ ನೀಲಿ ಡ್ರಮ್ಮಿನ ಮುಂದೆ ನಿಂತು ಕೇಳಿದರು: "ಅಳಿಯಾರ, ಈ ನೀಲಿ ಸಾಲಿನವು ಏನ್ ತಪ್ಪ ಮಾಡ್ಯಾವ್ರಿ?"

"ತಪ್ಪಲ್ಲ ಅತ್ತಿಯವರ. ಅವಕ್ಕ ಕಂಟ್ರೋಲ್ ಅಂತಾರ."

"ನಮ್ಮೂರಾಗ ರೇಶನ್ ಕೊಡೂ ಅಂಗಡಿಗಿ ಕಂಟ್ರೋಲ್ ಅಂತಾರ. ಇಲ್ಲಿ ಕೊಡದಿರೂದಕ್ಕ ಅಂತಾರೇನು?"

"ನಮ್ಮೂರ ಅಂಗಡಿಯವನೂ ಕೊಡ್ತಿದ್ದಿಲ್ಲಲ್ರಿ."

ಅತ್ತೆ ನಗಲಿಲ್ಲ. "ಒಂದ ಪಂಕ್ತಿಗಿ ಕುಂದ್ರಸಿ ಒಬ್ರಿಗಿ ಹುಗ್ಗಿ, ಒಬ್ರಿಗಿ ಬರೀ ನೀರು. ಪಂಕ್ತಿಭೇದ ಮಾಡಿದ ಮನಿ ಉದ್ಧಾರ ಆಗಂಗಿಲ್ರಿ."

"ಇದು ಊಟದ ಪಂಕ್ತಿ ಅಲ್ರಿ, ಪರೀಕ್ಷಾ."

"ಪರೀಕ್ಷಾದಾಗೂ ಎಲ್ಲಾರಿಗೂ ಒಂದ ಪ್ರಶ್ನಿ ಕೊಡ್ತಾರಲ್ರಿ."

ನಿಯಮ ನಿಯಮವೇ ಎಂದು ಹೇಳಿ ಆಚೆ ಬಂದೆ. ಇಂಥ ಮಾತು ಹೇಳುವಾಗ ಮೀಸೆ ತಾನಾಗಿ ಗಟ್ಟಿಯಾಗುತ್ತದೆ.

ಡಿಸೆಂಬರ್ ೧೩, ಶನಿವಾರ

ಎರಡನೇ ಸಲ ಹೊಡೆದದ್ದಾಯಿತು. ಚಳಿ ಬಂದು ಬಾಗಿಲಲ್ಲಿ ನಿಂತಿದೆ.

ಹಲ್ಲಿಗೆ ಹಲ್ಲು ತಾಳ,
ನಮ್ಮದೀಗ ಬೆಳಗಿನ ಮೇಳ.

ಪತ್ರಾಸು ಬೆಳಿಗ್ಗೆ ಒಳಗಿನಿಂದ ಬೆವರುತ್ತದೆ. ಆ ಹನಿ ಶಿವಕಾಂತಾಳ ಮುಖದ ಮೇಲೆ ಬಿದ್ದರೆ ನನ್ನನ್ನು ಬೈಯುತ್ತಾಳೆ. ಪತ್ರಾಸು ಉತ್ತರ ಕೊಡುವುದಿಲ್ಲವಲ್ಲ.

ಡಿಸೆಂಬರ್ ೧೯, ಶುಕ್ರವಾರ

ಎಳ್ಳಮಾಸಿ, ಎಳ್ಳಮಾವಾಸ್ಯೆಯ ಹಬ್ಬ. ಊರಿಗೆ ಹೋಗಲಾಗದವರು ಹೊಲವನ್ನೇ ಊರು ಮಾಡಿದೆವು. ನಾಲ್ಕೂ ಮನೆಯ ಹೆಂಗಸರು ಸೇರಿ ಸಜ್ಜೆ ಕಡುಬು, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಮಾಡಿದ್ದರು. ಶ್ರದ್ಧಾ ಮೇಡಂ ಅವರನ್ನೂ ಕರೆದಿದ್ದೆ, ಬಂದರು. ಕಡುಬು ಕೈಯಲ್ಲಿ ಹಿಡಿದು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ತಿರುಗಿಸಿ ನೋಡಿದರು.

ಉಣ್ಣುವ ಮೊದಲು ಅತ್ತೆ ಭೂಮಿತಾಯಿಯ ಪಾಲಿನ ಚರಗ ಚೆಲ್ಲಲು ಹೊರಟರು. ಬುಟ್ಟಿಯಲ್ಲಿ ಎಲ್ಲ ಅಡಿಗೆಯ ಚೂರು ಚೂರು. ಕೂಗುತ್ತ, ಸಾಲು ಸಾಲಿಗೂ ಎರಚುತ್ತ ನಡೆದರು. ನೀಲಿ ಸಾಲಿನ ಹತ್ತಿರ ಮೇಡಂ ಅರ್ಧ ನಗುತ್ತ ತಡೆದರು.

"ಅಜ್ಜಿ, ಕಂಟ್ರೋಲ್ ಸಾಲಿಗೆ ಎಂತದೂ ಹಾಕ್ಲಿಕ್ಕಿಲ್ಲ, ಗೊತ್ತುಂಟಲ್ಲ?"

"ಭೂಮ್ತಾಯಿ ಬಸರಿ ಅದಾಳ ಯವ್ವಾ. ಬಸರಿ ಹೆಂಗಸಿಗಿ ಅರ್ಧ ಹೊಟ್ಟಿ ಉಣಸ್ತಾರೇನು?"

ಮೇಡಂ ನನ್ನ ಕಡೆ ನೋಡಿದರು. "ಇರ್ಲಿ ಬಿಡಿ. ಒಂದು ತುತ್ತು ಕಡುಬಿಂದ ನನ್ನ ಪ್ರಯೋಗ ಹಾಳಾದ್ರೆ ಅದು ಪ್ರಯೋಗವೇ ಅಲ್ಲ."

ಆಮೇಲೆ ಎಲ್ಲರೂ ಬದುವಿನ ಮೇಲೆ ಸಾಲಾಗಿ ಕೂತೆವು. ಅತ್ತೆ ಬಡಿಸಿದರು. ಮೇಡಂಗೆ ಎಷ್ಟೋ ನನಗೂ ಅಷ್ಟೇ, ಪಂಪು ಹೊರುವ ಸಿದ್ರಾಮಪ್ಪನಿಗೂ ಅಷ್ಟೇ. ಮೇಲ್ವಿಚಾರಕನಿಗೆ ಒಂದು ಹೋಳಿಗೆ ಹೆಚ್ಚು ಬಿದ್ದೀತೆಂಬ ಆಸೆ ಈ ವರ್ಷವೂ ಫಲಿಸಲಿಲ್ಲ.

ಡಿಸೆಂಬರ್ ೨೩, ಮಂಗಳವಾರ

ಮೂರನೇ ಸಲ ಹೊಡೆಯುವ ದಿನ. ಕೈ ತೊಳೆಯಲೆಂದು ನೀಲಿ ಡ್ರಮ್ಮಿಗೆ ತಂಬಿಗೆ ಅದ್ದಿದೆ. ಬಂದದ್ದು ನೀರಲ್ಲ, ಹಾಲಿಲ್ಲದ ಚಹಾದಂಥದ್ದು. ಮೂಸಿದೆ, ಸಮುದ್ರ. ನೀಲಿ ಡ್ರಮ್ಮಿನೊಳಗೆ ಮೇಲಿಂದ ನೋಡಿದರೆ ಯಾವ ನೀರೂ ಕಪ್ಪಗೇ ಕಾಣುತ್ತದೆ, ಹಾಗಾಗಿ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿಲ್ಲ.

ಅತ್ತೆ ಅಲ್ಲೇ ನಿಂತಿದ್ದರು, ಖಾಲಿ ಬಾಟಲಿ ಹಿಡಿದು. ಬಚ್ಚಿಡುವ ಆತುರವೇನೂ ಇರಲಿಲ್ಲ.

"ಅತ್ತಿಯವರ, ಇದಕ್ಕೂ ಹಾಕೀರೇನು?"

"ಅರ್ಧ ಅದಕ್ಕ, ಅರ್ಧ ಇದಕ್ಕ. ಮೊದಲಿಂದ ಹಿಂಗೇ ಹಂಚ್ಲತ್ತೀನ್ರಿ."

"ಮೊದಲಿಂದ?"

"ಹೌದ್ರಿ."

ನನ್ನ ಧ್ವನಿ ಏರಿತು. ಮೇಡಂಗೆ ಗೊತ್ತಾದರೆ ನಿಮ್ಮನ್ನೂ ಹೊರಗೆ ಹಾಕುತ್ತಾರೆ, ನನ್ನನ್ನೂ ಹಾಕುತ್ತಾರೆ ಎಂದೆ. ಅವರು ಬಾಟಲಿ ತೊಳೆದು ಬೋರಲು ಹಾಕಿದರು.

"ಗೊತ್ತಾದ್ರ ನಾನೇ ಹೇಳ್ತೀನ್ರಿ. ಕದ್ದಿಲ್ಲ, ಹಂಚೀನಿ."

ಅಷ್ಟರಲ್ಲಿ ಸಿದ್ರಾಮಪ್ಪ ಪಂಪು ಹೊತ್ತು ಬಂದ, ತುಂಬಿಕೊಂಡ, ಹೋದ. ನಾನು ನೋಡುತ್ತ ನಿಂತೆ.

ಹೇಳಬೇಕು. ಹೇಳಿದರೆ ಈ ಚಳಿಗಾಲದ ಪ್ರಯೋಗ ಮಣ್ಣು, ಹೊಸ ಸಸಿ ನೆಟ್ಟು ಬೆಳೆಸುವಷ್ಟರಲ್ಲಿ ಬೇಸಿಗೆ. ಅತ್ತೆಗೆ ಆಳಂದ. ಮೂರು ಸಲ ಹೊಡೆದರೂ ಕಾಣದ ಮೇಲ್ವಿಚಾರಕನಿಗೆ ಏನು ಸಿಗಬೇಕೋ ಅದು. ಆದರೂ ಹೇಳಬೇಕು. ಫೋನು ಹಿಡಿದೆ, ಚಾರ್ಜು ಇರಲಿಲ್ಲ. ಚಾರ್ಜಿಗೆ ಹಾಕಿದೆ, ಧೈರ್ಯ ಬರಲಿಲ್ಲ. ನಾಳೆ.

ಡಿಸೆಂಬರ್ ೨೮, ಭಾನುವಾರ

ಎರಡು ಬೆಳಗು ಕೆಟ್ಟ ಚಳಿ. ಪಕ್ಕದ ಹೊಲದ ಕಾಕಾ ತನ್ನ ಟೊಮೆಟೊ ನಡುವೆ ಮಫ್ಲರು ಸುತ್ತಿ ನಿಂತಿದ್ದ. ಎಲೆಗಳು ಮುದುಡಿ, ಅಡಿಭಾಗ ನೇರಳೆಯಾಗಿ, ಹೂವೆಲ್ಲ ನೆಲದ ಮೇಲಿತ್ತು. "ಥಂಡೀನಂ ಗೇಲಂ ಸಗಳಂ," ಎಂದ. ಚಳಿಗೆ ಎಲ್ಲ ಹೋಯಿತು ಎನ್ನುವುದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ನಮ್ಮ ಹೊಲದಲ್ಲಿ ಕೆಂಪೂ ನಿಂತಿದೆ, ನೀಲಿಯೂ ನಿಂತಿದೆ. ಅಂದರೆ ಔಷಧ ಕೆಲಸ ಮಾಡುತ್ತದೆ. ಅರ್ಧ ಪ್ರಮಾಣದಲ್ಲೇ ಮಾಡುತ್ತದೆ. ಇದು ಗೊತ್ತಿರುವವನು ಈ ಭೂಮಿಯ ಮೇಲೆ ಸದ್ಯಕ್ಕೆ ನಾನೊಬ್ಬನೇ.

ಜನವರಿ ೩, ಶನಿವಾರ

ಮೇಡಂ ಬಂದಿದ್ದರು. ಬೆಳಗಿನಿಂದ ಒಂದೊಂದು ಸಾಲು ಕೂತು ನೋಡಿದರು. ಮಂಡಿಯೆಲ್ಲ ಮಣ್ಣು. ಕೊನೆಗೆ ಬದುವಿನ ಮೇಲೆ ಕುಸಿದು ಕೂತರು.

"ಎಂತ ಮಾರಾಯ್ರೆ ಇದು. ಎರಡೂ ಒಂದೇ ಥರ ಉಂಟು."

"ಪಕ್ಕದ ಹೊಲ ಬಿತ್ತಲ್ಲ ಮೇಡಂ," ಎಂದೆ. ಗಂಟಲ ತನಕ ಬಂದದ್ದರಲ್ಲಿ ಇಷ್ಟು ಹೊರಗೆ ಬಂತು.

"ಅದು ಬೇರೆ ತಳಿ, ಬೇರೆ ನೀರು, ಬೇರೆ ಗೊಬ್ಬರ. ನನ್ನ ಕಂಟ್ರೋಲ್ ಅಂದ್ರೆ ಈ ನೀಲಿ ಸಾಲು. ಇದೇ ಬೀಳದಿದ್ರೆ ನಾನು ಯಾರಿಗೆ ಎಂತ ತೋರಿಸ್ಲಿ? ಸುಮ್ಮನೆ ನೀರು ಕುಡಿದ ಗಿಡ ಔಷಧ ಕುಡಿದ ಗಿಡದಷ್ಟೇ ಗಟ್ಟಿ ಅಂತಲಾ?"

ಆ ಹೊತ್ತಿಗೆ ಹೇಳಬಹುದಿತ್ತು. ಅತ್ತೆ ದೂರದಲ್ಲಿ ಕಳೆ ಕೀಳುತ್ತಿದ್ದರು, ಬೆನ್ನು ಕಾಣುತ್ತಿತ್ತು. ಬಾಯಿ ತೆರೆದೆ. ಮೇಡಂ ನನಗಿಂತ ಮೊದಲು ಮಾತಾಡಿದರು.

"ಪ್ರಮಾಣ ಕಡಿಮೆಯಾಯ್ತು ಅಂತ ಕಾಣ್ತದೆ. ಗಿಡಕ್ಕೆ ಮುಟ್ಟಿಯೇ ಇಲ್ಲ. ನಾಳೆ ಮೂರು ಪಟ್ಟು ಕೊಡುವ. ದೊಡ್ಡ ಚಳಿ ಇನ್ನೊಂದು ವಾರದಲ್ಲಿ ಅಂತ ಹವಾಮಾನದವರು ಹೇಳಿದ್ದಾರೆ. ಅಷ್ಟರೊಳಗೆ ಗಿಡ ತಯಾರಾದ್ರೆ ಸಾಕು."

ನಾಳೆ ಅವರಿಗೆ ಆಫೀಸಿನಲ್ಲಿ ಕೆಲಸವಂತೆ. ಬಾಟಲಿ ನನ್ನ ಕೈಗೆ ಕೊಟ್ಟು ಹೋದರು.

ಜನವರಿ ೪, ಭಾನುವಾರ

ಉಪಾಯ ಹೊಳೆದಿದೆ. ಮೇಡಂಗೆ ಏನೂ ಹೇಳಬೇಕಿಲ್ಲ. ಅತ್ತೆ ಹಂಚುವುದನ್ನು ನಿಲ್ಲಿಸಿದರೆ ಆಯಿತು. ಕೆಂಪಿಗೆ ಪೂರ್ತಿ, ನೀಲಿಗೆ ಇಲ್ಲ, ದೊಡ್ಡ ಚಳಿಯಲ್ಲಿ ವ್ಯತ್ಯಾಸ ತಾನಾಗಿ ಕಾಣುತ್ತದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಬೆಳಿಗ್ಗೆ ಅತ್ತೆಯ ಪಕ್ಕದಲ್ಲೇ ನಿಂತೆ.

"ಇವತ್ತಿಂದ ಹಂಚಬ್ಯಾಡ್ರಿ. ಎಲ್ಲಾ ಕೆಂಪಿಗೇ. ಹಂಚಿದ್ರ ನಾಲ್ಕೂ ಮನಿ ಅನ್ನ ಹೋಗ್ತದ, ನಿಮ್ಮ ಮಗಳದೂ ಹೋಗ್ತದ."

ಮಗಳ ಮಾತು ಎತ್ತಿದ್ದು ಸರಿಯಾಯಿತು. ಬಾಟಲಿಯನ್ನು ಕೆಂಪು ಡ್ರಮ್ಮಿಗೆ ಪೂರ್ತಿ ಬಗ್ಗಿಸಿದರು. ಆಮೇಲೆ ನೀಲಿ ಡ್ರಮ್ಮಿನ ಅಂಚಿಗೆ ಸ್ವಲ್ಪ ಹೊತ್ತು ಕೈಯಿಟ್ಟು ನಿಂತು ಹೋದರು.

ತುಂಬ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಜನವರಿ ೮, ಗುರುವಾರ

ಕೆಂಪು ಸಾಲಿನ ಎಲೆಗಳ ಅಂಚು ಕಂದಿದೆ, ಬೀಡಿ ತಾಗಿಸಿದ ಹಾಗೆ. ಕೆಳಗಿನ ಎಲೆಗಳು ಮುಟ್ಟಿದರೆ ಪುಡಿಯಾಗುತ್ತವೆ.

ಕೂತು ಲೆಕ್ಕ ಹಾಕಿದೆ. ಗಿಡ ಮೊದಲಿನಿಂದ ಪೂರ್ತಿ ಪ್ರಮಾಣ ಕುಡಿದಿದೆ ಎಂದು ತಿಳಿದು ಮೇಡಂ ಮೂರು ಪಟ್ಟು ಅಂದರು. ಕುಡಿದದ್ದು ಅರ್ಧ. ಅರ್ಧ ಕುಡಿದು ಗಟ್ಟಿಯಾಗಿದ್ದ ಗಿಡಕ್ಕೆ ಒಮ್ಮೆಲೇ ಅದರ ಆರು ಪಟ್ಟು ಬಿತ್ತು. ಅತ್ತೆ ಎಂದಿನಂತೆ ಹಂಚಿದ್ದರೆ ಬಹುಶಃ ತಡೆದುಕೊಳ್ಳುತ್ತಿತ್ತು. ಹಂಚುವುದನ್ನು ನಿಲ್ಲಿಸಿದವನು ನಾನು.

ಮೇಡಂ ಫೋಟೋ ಕೇಳಿದರು. ತುದಿಯ ಚಿಗುರು ಇನ್ನೂ ಹಸಿರಾಗಿದೆ. ಮೊಬೈಲನ್ನು ಹತ್ತಿರ ಹಿಡಿದು ಚಿಗುರಿನ ಫೋಟೋ ತೆಗೆದು ಕಳಿಸಿದೆ. "ಸೂಪರ್" ಎಂದು ಉತ್ತರ ಬಂತು. ಸುಳ್ಳು ಫೋಟೋ ಏನಲ್ಲ, ಆ ಚಿಗುರು ಇತ್ತು.

ಪ್ರಾಸ ಏನೂ ಹೊಳೆಯುತ್ತಿಲ್ಲ. ಚಳಿಗೆ ಇರಬೇಕು.

ಜನವರಿ ೧೧, ಭಾನುವಾರ

ಬೆಳಿಗ್ಗೆ ಶಿವಕಾಂತಾ ಹೊರಗಿನಿಂದ ಕರೆದಳು. ಹೊಲದ ಮೇಲೆ ಬಿಳಿ ಪುಡಿ ಉದುರಿದಂತಿತ್ತು. ಪುಣೆಗೆ ಬಂದು ಇಷ್ಟು ವರ್ಷವಾದರೂ ಇಂಥದ್ದನ್ನು ನೋಡಿರಲಿಲ್ಲ. ಕುಡಿಯುವ ನೀರಿನ ಬಕೆಟ್ಟಿನ ಮೇಲೆ ಗಾಜಿನಂಥ ತೆಳು ಪದರ.

ಬಿಸಿಲು ಬಂದಂತೆ ಬಿಳಿ ಕರಗಿತು. ಬಿಳಿಯ ಕೆಳಗೆ ಇದ್ದದ್ದು ಕಪ್ಪು. ಕೆಂಪು ಸಾಲು, ನೀಲಿ ಸಾಲು, ಎಲ್ಲ ಕುದಿಸಿದ ಸೊಪ್ಪಿನ ಹಾಗೆ ಗೂಟಕ್ಕೆ ಜೋತುಬಿದ್ದಿತ್ತು. ನೀಲಿಗೆ ಔಷಧ ಬಿದ್ದು ಮೂರು ವಾರದ ಹತ್ತಿರ ಬಂದಿತ್ತು, ಅದರ ಬಲ ಇಳಿದಿತ್ತು. ಕೆಂಪು ಮೊದಲೇ ಸುಟ್ಟಿತ್ತು. ಚಿಂದಿಯ ಬಣ್ಣ ನೋಡದಿದ್ದರೆ ಯಾವುದು ಯಾವುದೆಂದು ಹೇಳಲಾಗದು.

ಅತ್ತೆ ಸಾಲುಗಳ ನಡುವೆ ಹೋಗಿ ಬಂದರು. ಸೆರಗಿನಿಂದ ಒಂದೊಂದು ಗಿಡದ ಮೇಲಿನ ನೀರು ಒರೆಸುತ್ತಿದ್ದರು. ಬೇಡ ಬನ್ನಿ ಎಂದರೂ ಬರಲಿಲ್ಲ.

ಜನವರಿ ೧೨, ಸೋಮವಾರ

ಗಿಡ ಕಿತ್ತೆವು. ಕೀಳುವುದಕ್ಕೂ ಕೂಲಿ ಇದೆ, ಒಂದು ದಿನದ್ದು.

ಜನವರಿ ೧೫, ಗುರುವಾರ

ಸಂಕ್ರಾಂತಿ. ಆಫೀಸಿನಿಂದ ಮಹಾಲಿಂಗ ಸಾಹೇಬರು ಬಂದರು, ಔಷಧದ ವಿಭಾಗದ ಮುಖ್ಯಸ್ಥರು. ಜನವರಿ ಕೊನೆಗೆ ಬರಬೇಕಾದವರು. ನೋಡುವುದಕ್ಕೆ ಏನೂ ಉಳಿದಿಲ್ಲವಾದ್ದರಿಂದ ಬೇಗ ಬಂದರು.

"ಮೂರು ಪಟ್ಟು ಯಾರು ಹೇಳಿದ್ದು?"

"ನಾನೇ ಸಾರ್," ಎಂದರು ಮೇಡಂ.

"ಸುಡ್ತದೆ ಅಂತ ನೀವೇ ಬರೆದು ಕೊಟ್ಟದ್ದಲ್ವಾ? ಮತ್ತೆ ಎಂತ ಮಾಡ್ಲಿಕ್ಕೆ ಹೋದ್ರಿ?"

"ಒಂದು ಪಟ್ಟು ಹಿಡಿದೇ ಇರ್ಲಿಲ್ಲ ಸಾರ್. ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ನನಗೇ ಗೊತ್ತಾಗ್ತಾ ಇಲ್ಲ."

"ನಿಮ್ಮ ಲೆಕ್ಕಕ್ಕೆ ನಾವು ಗಿಡ ಬೆಳೆಸಿದ್ದಲ್ಲ."

ನಾನು ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದೆ. ಸಾಹೇಬರು ನನ್ನ ಕಡೆ ತಿರುಗಿ, ನಿಮ್ಮ ಕಡೆಯಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದರು. ಮೇಡಂ ಹೇಳಿದಂತೆ ಮಾಡಿದೆವು ಎಂದೆ. ಅದು ನಿಜವೇ. ನಾಲ್ಕನೇ ಸಲ ಹಾಗೆಯೇ ಮಾಡಿದ್ದೆವು.

ಮೇಡಂ ಅವರನ್ನು ಈ ತಿಂಗಳ ಕೊನೆಗೆ ಬಿಡಿಸುತ್ತಾರಂತೆ. ಮಧ್ಯಾಹ್ನ ಮಾಲೀಕ ಗೋಡೌನಿನ ಕಡೆಯ ಇಬ್ಬರನ್ನು ಕರೆತಂದು ಹೊಲಕ್ಕೆ ಟೇಪು ಹಿಡಿಸಿದ. ಟೇಪಿನ ಒಂದು ತುದಿಯನ್ನು ಸಿದ್ರಾಮಪ್ಪನ ಕೈಗೆ ಕೊಟ್ಟ. ಸಿದ್ರಾಮಪ್ಪ ಹಿಡಿದುಕೊಂಡು ನಿಂತ.

ಜನವರಿ ೧೮, ಭಾನುವಾರ

ಮೇಡಂ ತಮ್ಮ ಸಾಮಾನು ಒಯ್ಯಲು ಬಂದರು. ಚಳಿ ಅಳೆಯುವ ಯಂತ್ರ, ಬಾಟಲಿಗಳು. ಶಿವಕಾಂತಾ ನೀರಿಗೆ ಹೋಗಿದ್ದಳು. ಅತ್ತೆ ಚಹಾ ಮಾಡಿ ಕೊಟ್ಟರು. ಮೇಡಂ ಕಣ್ಣು ಊದಿಕೊಂಡಿತ್ತು.

"ಯಾಕವ್ವಾ ಅತ್ತೀದಿ? ನಿನ್ನ ಔಷಧ ಚಲೋನೇ ಅದ."

"ಎಂತ ಚಲೋ ಅಜ್ಜಿ. ಕೆಂಪೂ ನೀಲಿಯೂ ಒಂದೇ ಆಯ್ತಲ್ಲ."

"ಒಂದೇ ಆಗ್ಬೇಕಲ್ಲವ್ವಾ. ಎರಡಕ್ಕೂ ಅರ್ಧರ್ಧ ಹಂಚಿ ಹಾಕ್ತಿದ್ನಿ."

ಮೇಡಂ ಲೋಟ ಕೆಳಗಿಟ್ಟರು. ತುಟಿ ಅಲುಗುತ್ತಿತ್ತು, ಲೆಕ್ಕ ಮಾಡುತ್ತಿದ್ದರು. ನಾನು ಹಾಕಿದ ಲೆಕ್ಕವನ್ನೇ. ಆಮೇಲೆ ನನ್ನ ಕಡೆ ತಿರುಗಿದರು.

"ನಿಮಗೆ ಗೊತ್ತಿತ್ತಾ ಧರ್ಮರಾಜಣ್ಣ?"

"ಇಲ್ಲ ಮೇಡಂ. ಈಗಲೇ ಕೇಳ್ತಿರೋದು."

ಬಾಯಿಂದ ಬಂದುಬಿಟ್ಟಿತು. ಅತ್ತೆ ನನ್ನನ್ನು ನೋಡಿದರು. ಸಿಟ್ಟಲ್ಲ. ಪರಿಚಯದವರನ್ನು ಸಂತೆಯಲ್ಲಿ ದೂರದಿಂದ ಕಂಡು, ಅವರೇ ಹೌದೋ ಅಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡರು.

"ಅವರಿಗಿ ಗೊತ್ತಿಲ್ಲವ್ವಾ. ನಾ ಯಾರಿಗೂ ಹೇಳಿದ್ದಿಲ್ಲ."

ಮೇಡಂ ಬಿಡಲಿಲ್ಲ. "ಹಾಗಾದ್ರೆ ಕೊನೆಯ ಸಲ ಹಂಚ್ಲಿಲ್ಲ ಯಾಕೆ ಅಜ್ಜಿ? ಹಂಚಿದ್ರೆ ಕೆಂಪು ಹಾಗೆ ಸುಡ್ತಿರ್ಲಿಲ್ಲ. ಯಾರಾದ್ರೂ ಬೇಡ ಅಂದ್ರಾ?"

ಅತ್ತೆ ಒಲೆಯ ಮೇಲಿನ ಪಾತ್ರೆ ಇಳಿಸಿದರು.

"ಕೈ ಸೋತಿತ್ತು ಯವ್ವಾ. ನೀಲಿ ಡ್ರಮ್ಮಿನ ತನಕ ಬಾಟ್ಲಿ ಒಯ್ಯೂದು ಆಗಲಿಲ್ಲ."

ಎರಡು ಡ್ರಮ್ಮುಗಳ ನಡುವೆ ಒಂದು ಹೆಜ್ಜೆ ಜಾಗವಿಲ್ಲ. ಮೇಡಂಗೆ ಅದು ಗೊತ್ತು. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಚಳಿ ಅಳೆಯುವ ಯಂತ್ರವನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದು ಕೊಟ್ಟೆ.

ಜನವರಿ ೨೭, ಮಂಗಳವಾರ

ಒಳ್ಳೆಯ ಸುದ್ದಿ. ಮೇಡಂ ಎಲ್ಲವನ್ನೂ ಹೊಸದಾಗಿ ಬರೆದು ಕೊಟ್ಟರಂತೆ. ಅರ್ಧ ಪ್ರಮಾಣ ಕುಡಿದ ಇಡೀ ಹೊಲ ಡಿಸೆಂಬರಿನ ಚಳಿಗೆ ನಿಂತದ್ದು, ಅದೇ ದಿನ ಕಾಕಾನ ಹೊಲ ಬಿದ್ದದ್ದು, ಎಲ್ಲ. ಸಾಹೇಬರು ಒಪ್ಪಿದ್ದಾರೆ. ಮೇಡಂ ಉಳಿದರು, ಔಷಧ ಉಳಿಯಿತು. ಈ ಹೊಲ ಗೋಡೌನಿಗೆ ಹೋಗಿಯೇಬಿಟ್ಟಿತು, ಆದರೆ ಭೋರ್ ಹತ್ತಿರ ಬೇರೆ ಹೊಲ ಹಿಡಿಯುತ್ತಾರೆ. ಅಲ್ಲಿಗೂ ನಾನೇ ಮೇಲ್ವಿಚಾರಕ. ಸಿದ್ರಾಮಪ್ಪನ ಮನೆಯವರೂ ಬರುತ್ತಾರೆ.

ಸಾಹೇಬರು ಫೋನಿನಲ್ಲಿ ತಮ್ಮ ದೊಡ್ಡ ಗಂಟಲಲ್ಲಿ ಒಂದೇ ಮಾತು ಹೇಳಿದರು. "ಆ ಮುದುಕಿಯನ್ನು ಮಾತ್ರ ಹೊಲದ ಹತ್ತಿರ ಇಟ್ಟುಕೊಳ್ಬೇಡಿ. ಖೋಲಿಯಲ್ಲೂ ಬೇಡ." ಅವರ ಮಾತಿನಲ್ಲೂ ಅರ್ಥವಿದೆ. ಇಷ್ಟು ದೊಡ್ಡ ನಷ್ಟ ಆಗಿದೆ. ಯಾರನ್ನೂ ಕೇಳದೆ ತಮ್ಮಷ್ಟಕ್ಕೆ ಹಂಚಿದ್ದು ಅತ್ತೆಯ ತಪ್ಪೇ. ಸರಿ ಸಾರ್ ಎಂದೆ.

ಬಾಟಲಿಗೆ ಕನ್ನಡದಲ್ಲಿ ಎರಡು ಸಾಲು ಬೇಕಂತೆ, ಬೆಳಗಾವಿ ವಿಜಯಪುರದ ಕಡೆ ಮಾರುವುದಕ್ಕೆ. ನಿಂತಲ್ಲೇ ಹೇಳಿದೆ:

ಒಂದೇ ಮುಚ್ಚಳ ಸಾಕು,
ಚಳಿಗೆ ಬಾಗಿಲು ಹಾಕು.

ಸಾಹೇಬರಿಗೆ ಬಹಳ ಹಿಡಿಸಿತು.

ಜನವರಿ ೩೧, ಶನಿವಾರ

ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಬಂದೆವು. ಹೋಗಿ ಎಂದು ನಾನು ಹೇಳಬೇಕಾಗಿ ಬರಲಿಲ್ಲ. ಸಾಹೇಬರ ಫೋನು ಬಂದ ದಿನವೇ ಅವರು ಗಂಟು ಕಟ್ಟಿದ್ದರು. ಪತ್ರಾಸಿನ ಗೋಡೆಗೆ ಎಲ್ಲ ಮಾತೂ ಕೇಳುತ್ತದೆ.

ಕೊನೆಯ ಕೂಲಿಯಲ್ಲಿ ಒಂದು ಚೀಲ ಜೋಳದ ಹಿಟ್ಟು ತಂದು ಇಟ್ಟು ಹೋದರು. ಬೇಡವೆಂದರೂ ಕೇಳಲಿಲ್ಲ.

ಬಸ್ಸು ಹೋದ ಮೇಲೆ ಶಿವಕಾಂತಾ ಕೇಳಿದಳು: "ಅವ್ವ ಯಾಕ್ರಿ ಒಮ್ಮೆಲೆ ಹಿಂಗ ಹೊಂಟಳು? ಏನ್ ಕೇಳಿದ್ರೂ ನಾನೇ ತಪ್ಪ ಮಾಡೀನಿ ಅಂತಾಳ, ಅಷ್ಟೇ. ಅಕಿ ಹಂಚೂದು ನಿಮಗ ಗೊತ್ತಿದ್ದಿಲ್ಲೇನು? ದಿನಾ ಬಾಜೂಕೇ ನಿಂದರ್ತಿದ್ರಿ."

"ನಂಗೇನ್ ಗೊತ್ತು. ನಾ ಆ ಕಡಿ ಸಾಲು ನೋಡ್ಲತ್ತಿದ್ದೆ."

ಅವಳು ಮುಂದೆ ನಡೆದಳು. ಮನೆಯ ತನಕ ನಾನು ಹಿಂದೆ, ಅವಳು ಮುಂದೆ.

ಫೆಬ್ರವರಿ ೩, ಮಂಗಳವಾರ

ಭೋರಿನ ಹೊಲ ನೋಡಿ ಬಂದೆ. ಗುಡ್ಡದ ಬುಡ, ಚಳಿಗೆ ಹೇಳಿ ಮಾಡಿಸಿದ ಜಾಗ. ಖೋಲಿಯ ಗೋಡೆ ಇಟ್ಟಿಗೆಯದು. ಮೇಡಂ ಬಂದಿದ್ದರು, ಅಳತೆಗಳನ್ನು ಹೇಳಿದರು, ಬೇರೆ ಮಾತಾಡಲಿಲ್ಲ. ಮೊದಲೆಲ್ಲ ಧರ್ಮರಾಜಣ್ಣ ಅನ್ನುತ್ತಿದ್ದರು, ಇವತ್ತು ಸೂಪರ್‌ವೈಸರ್ ಅಂದರು. ಹುದ್ದೆಗೆ ಕೊಟ್ಟ ಗೌರವ ಇರಬೇಕು.

ಈ ಸಲ ಕೆಲಸದವರಿಗೆ ಮೊದಲ ದಿನವೇ ಬಿಗಿಯಾಗಿ ಹೇಳಬೇಕು. ಆ ಹೊಲದಲ್ಲಿ ನಾನು ಸಲಿಗೆ ಕೊಟ್ಟೆ, ಅದಕ್ಕೇ ಅತ್ತೆ ನನ್ನ ಕಣ್ಣು ತಪ್ಪಿಸಿ ಹಾಗೆ ಮಾಡಿದರು. ಗೊತ್ತಿದ್ದರೆ ತಡೆಯುತ್ತಿದ್ದೆ.

ಸಂಜೆ ಆಳಂದದಿಂದ ಫೋನು ಬಂತು. ಶಿವಕಾಂತಾ ಹೊರಗೆ ನಿಂತು ಮಾತಾಡಿದಳು. ಅತ್ತೆ ಹೋದ ಮರುದಿನವೇ ಯಾರದೋ ಹೊಲಕ್ಕೆ ಕಡಲೆ ಕೀಳಲು ಹೋಗಿದ್ದರಂತೆ, ಬೆಳಗಿನ ಇಬ್ಬನಿಯಲ್ಲಿ. ಈಗ ಜ್ವರ, ಎದೆಯಲ್ಲಿ ಕಫ. ತಮ್ಮನ ಹೆಂಡತಿ ದವಾಖಾನೆಗೆ ನಾಳೆ ನೋಡೋಣ ಅಂದಳಂತೆ.

ಶಿವಕಾಂತಾ ಫೋನಿನ ಮೇಲೆ ಕೈ ಮುಚ್ಚಿ ಬಾಗಿಲಲ್ಲಿ ಹಣಿಕಿದಳು.

"ಅವ್ವ ಕೇಳ್ಲತ್ತಾಳ. ಅಳಿಯಾರ ಉಂಡ್ರೇನು, ಅಂತ."

"ಉಂಡಾರ ಅಂತ ಹೇಳು," ಎಂದೆ.

ಸುಳ್ಳಲ್ಲ. ಉಂಡಿದ್ದೆ.